ತಂಗಲು ಬಾಗಿಲು ತೆರೆಸಿದ ಅರಸರು

ಚಿಕ್ಕೋಡಿ, ಅಥಣಿ, ಕಾಗವಾಡದ ಕಡೆಯಿಂದ ಕೊಲ್ಲಾಪುರಕ್ಕೆ ದವಾಖಾನೆಗೋ ವ್ಯಾಪಾರಕ್ಕೋ ಹೋದಾಗ ರಾತ್ರಿ ಉಳಿಯಬೇಕಾದರೆ ನೀವು ಏನು ನೋಡುತ್ತೀರಿ? ಬಾಡಿಗೆ ಎಷ್ಟು, ಕೋಣೆ ಸ್ವಚ್ಛವಾಗಿದೆಯೇ, ಬಸ್ ನಿಲ್ದಾಣ ಹತ್ತಿರವೇ, ಇಷ್ಟೇ. ನೂರಿಪ್ಪತ್ತು ವರ್ಷಗಳ ಹಿಂದೆ ಅದೇ ಊರಿಗೆ ಹೋದವರನ್ನು ಮೊದಲು ಕೇಳುತ್ತಿದ್ದುದು ಜಾತಿಯನ್ನು. ಇದನ್ನು ಬದಲಿಸಲು ಜೀವಮಾನವೆಲ್ಲ ಹೆಣಗಿದವರು ಛತ್ರಪತಿ ಶಾಹು ಮಹಾರಾಜರು.

ಅವರು ನಮ್ಮ ನೆರೆಯವರೇ. ನಿಪ್ಪಾಣಿ ದಾಟಿದರೆ ಸಿಗುವ ಕಾಗಲದ ಘಾಟಗೆ ಮನೆತನದಲ್ಲಿ 1874ರ ಜೂನ್ 26ರಂದು ಜನಿಸಿದರು. 1884ರಲ್ಲಿ ಕೊಲ್ಲಾಪುರದ ಅರಮನೆಗೆ ದತ್ತು ಹೋದರು, 1894ರಲ್ಲಿ ರಾಜ್ಯಭಾರ ವಹಿಸಿಕೊಂಡರು. ನಮ್ಮ ರಾಯಬಾಗವೂ ಆಗ ಅವರ ಸಂಸ್ಥಾನದಲ್ಲಿತ್ತು.

ಶಾಲೆ ತೆರೆದರೆ ಸಾಕೇ? ಹಳ್ಳಿಯಿಂದ ಬಂದ ಹುಡುಗ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಪೇಟೆಯಲ್ಲಿ ಅವನಿಗೆ ಕೋಣೆ ಕೊಡುವವರಿಲ್ಲ. ಮಹಾರಾಜರು 1896ರಲ್ಲಿ ಎಲ್ಲ ಜಾತಿಯವರಿಗೂ ಒಂದೇ ವಸತಿಗೃಹ ಮಾಡಿ ನೋಡಿದರು. ಆದರೆ ಅದರಲ್ಲಿ ಉಳಿದವರು ಮೇಲ್ಜಾತಿಯ ವಿದ್ಯಾರ್ಥಿಗಳೇ. ಆಗ ದಾರಿ ಬದಲಿಸಿದರು. 1901ರಲ್ಲಿ ಮರಾಠರಿಗೆ ಮತ್ತು ಜೈನರಿಗೆ, ಮುಂದೆ ಮುಸಲ್ಮಾನರಿಗೆ, ಲಿಂಗಾಯತರಿಗೆ ಬೋರ್ಡಿಂಗುಗಳು ಎದ್ದವು. 1908ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್, 1915ರಲ್ಲಿ ಕ್ರೈಸ್ತ ವಿದ್ಯಾರ್ಥಿಗಳಿಗೂ ಒಂದು ವಸತಿಗೃಹ ಬಂತು. ಜಾತಿಗೊಂದು ಬೋರ್ಡಿಂಗ್ ಎಂದರೆ ಇಂದು ನಿಮಗೆ ಸರಿ ಕಾಣಲಿಕ್ಕಿಲ್ಲ. ಆದರೆ ಹೊರಗೆ ನಿಂತ ಮಗುವಿಗೆ ಅಂದು ಬೇಕಾಗಿದ್ದುದು ತಲೆಯ ಮೇಲೊಂದು ಸೂರು. ಉಳಿದ ವಾದವೆಲ್ಲ ಆಮೇಲಿನದು. ಮುಂದೆ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಭಾವುರಾವ್ ಪಾಟೀಲರು ಕೊಲ್ಲಾಪುರದಲ್ಲಿ ಓದುವಾಗ ಉಳಿದದ್ದು ಅಲ್ಲಿಯ ಜೈನ ಬೋರ್ಡಿಂಗಿನಲ್ಲೇ.

ವಿದ್ಯಾರ್ಥಿಗಳ ಮಾತಾಯಿತು. ದಾರಿಹೋಕರ ಗತಿಯೇನು? ಛತ್ರದಲ್ಲಿ ಸ್ಥಳ ಸಿಗದ ಕುಟುಂಬದ ಕಥೆಯನ್ನು ಪ್ರತಿ ಕ್ರಿಸ್ಮಸ್ಸಿಗೆ ಕೇಳುವ ನಮಗೆ ಇದು ಬೇಗ ಅರ್ಥವಾಗುತ್ತದೆ. 1919ರಲ್ಲಿ ಮಹಾರಾಜರು ಆಜ್ಞೆ ಹೊರಡಿಸಿದರು: ಧರ್ಮಶಾಲೆ, ಸರಕಾರಿ ವಿಶ್ರಾಂತಿಗೃಹ, ಸಾರ್ವಜನಿಕ ಬಾವಿ ಯಾವುದರಲ್ಲೂ ಅಸ್ಪೃಶ್ಯರನ್ನು ತಡೆಯಕೂಡದು.

ಬರಿಯ ಆಜ್ಞೆಯಿಂದ ಜನ ಬದಲಾಗರೆಂದು ಅವರು ಬಲ್ಲರು. ಗಂಗಾರಾಮ ಕಾಂಬಳೆ ಎಂಬ ಅರಮನೆಯ ಆಳು ನೀರಿನ ತೊಟ್ಟಿ ಮುಟ್ಟಿದನೆಂದು ಜೊತೆಯ ಆಳುಗಳು ಅವನನ್ನು ಬಡಿದರು. ಮಹಾರಾಜರು ಅವನಿಗೆ ಹಣ ಕೊಟ್ಟು ಊರ ನಡುವೆ ಚಹಾದಂಗಡಿ ಹಾಕಿಸಿದರು. ಗಿರಾಕಿಗಳು ಸುಳಿಯಲಿಲ್ಲ. ಒಂದು ದಿನ ಅಂಗಡಿಯೆದುರು ಸಾರೋಟು ನಿಲ್ಲಿಸಿ ತಾವೇ ಚಹಾ ತರಿಸಿ ಕುಡಿದರು, ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ಅರಸರೇ ಕುಡಿದ ಮೇಲೆ ಬೇಡವೆನ್ನುವವರು ಯಾರು!

1922ರ ಮೇ 6ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು ಬರೀ 47. ಮುಂದಿನ ಸಲ ಕೊಲ್ಲಾಪುರಕ್ಕೆ ಹೋದಾಗ ದಸರಾ ಚೌಕದಲ್ಲಿ ಒಂದು ಗಳಿಗೆ ನಿಲ್ಲಿರಿ. ಅಲ್ಲಿ ಅವರ ಪ್ರತಿಮೆಯಿದೆ. ಜೈನ ಬೋರ್ಡಿಂಗ್, ಮುಸ್ಲಿಂ ಬೋರ್ಡಿಂಗ್ ಎರಡೂ ಅಲ್ಲಿಯೇ ಇವೆ.