ಪ್ರಭುತ್ವ ಪರೀಕ್ಷೆಗೊಡ್ಡಿದ ಟ್ಯೂರಿಂಗ್

ಶಿವಮೊಗ್ಗ, ಭದ್ರಾವತಿಯ ಹುಡುಗರು ಇಂಜಿನಿಯರಿಂಗ್ ಸೇರಿದಾಗ ಅಲನ್ ಟ್ಯೂರಿಂಗ್ ಅಂದ್ರೆ ಹತ್ತು ಮಾರ್ಕಿನ ಪ್ರಶ್ನೆ. ನನಗೂ ಹಾಗೇ ಇತ್ತು. ಆತನ ಬದುಕನ್ನ ಓದಿದ್ದು ಪತ್ರಕರ್ತನಾದ ಮೇಲೆ.

ಅಪ್ಪ ಜೂಲಿಯಸ್ ಮದ್ರಾಸ್ ಪ್ರೆಸಿಡೆನ್ಸಿಯ ಐಸಿಎಸ್ ಅಧಿಕಾರಿ. ನಮ್ಮ ಬಳ್ಳಾರಿಯಲ್ಲೂ ಕೆಲಸ ಮಾಡಿದ್ದವರು. ಅಲನ್ ಹುಟ್ಟಿದ್ದು 1912ರಲ್ಲಿ, ಲಂಡನ್ನಿನಲ್ಲಿ. ಅಪ್ಪ-ಅಮ್ಮ ಇಂಡಿಯಾದಲ್ಲಿದ್ದಾಗ ಮಗು ಬೆಳೆದಿದ್ದು ಪರರ ಮನೆಯಲ್ಲಿ.

1936ರಲ್ಲಿ, 24ನೇ ವಯಸ್ಸಿಗೆ, ಆತ ಗಣಿತಕ್ಕೊಂದು ಗೋಡೆ ತೋರಿಸಿದ: ಯಾವುದೇ ಪ್ರೋಗ್ರಾಮ್ ಕೊಟ್ಟರೂ ಅದು ಮುಂದೆ ಏನು ಮಾಡುತ್ತೆ ಎಂದು ತಪ್ಪಿಲ್ಲದೆ ಹೇಳಬಲ್ಲ ಸಾರ್ವತ್ರಿಕ ವಿಧಾನವೇ ಇಲ್ಲ. ಯುದ್ಧದಲ್ಲಿ ಜರ್ಮನ್ನರ ಎನಿಗ್ಮಾ ಸಂಕೇತ ಒಡೆಯೋಕೆ ದುಡಿದ. 1949ರಲ್ಲಿ, ಒಂದು ಪ್ರೋಗ್ರಾಮ್ ಸರಿಯಿದೆ ಎಂದು ಹಂತಹಂತವಾಗಿ ಸಾಬೀತು ಮಾಡೋದು ಹೇಗೆ ಎಂದೂ ತೋರಿಸಿದ. ಗೋಡೆ ಇದೆ ಅಂತ ಕೈಕಟ್ಟಿ ಕೂರಲಿಲ್ಲ.

ಆ ಗೋಡೆಯಲ್ಲಿ ಮುಂದಿನವರು ಕಿಟಕಿ ಹುಡುಕಿದರು. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಜನ ಸಾಲಾಗಿ ನಿಂತಿದ್ದಾರೆ ಅಂದ್ಕೊಳ್ಳಿ. ಎಷ್ಟು ಜನ, ಗೊತ್ತಿಲ್ಲ. ಒಬ್ಬರ ಕೈಯಲ್ಲಿ ಮಾತ್ರ ಟೋಕನ್. ಅದನ್ನ ಮುಂದಿನವರಿಗೆ ದಾಟಿಸಬಹುದು. ಎಂದಾದರೂ ಇಬ್ಬರ ಕೈಯಲ್ಲಿ ಟೋಕನ್ ಇರುತ್ತಾ? ಸಾವಿರ ಜನರ ಸಾಲು ಟೆಸ್ಟ್ ಮಾಡಿದರೂ ಲಕ್ಷ ಜನರ ಸಾಲಿಗೆ ಉತ್ತರ ಸಿಗಲ್ಲ. ಅದರ ಬದಲು ಸಾಲನ್ನೇ ಒಂದು ಪದ ಮಾಡಿ: ಟೋಕನ್ ಇದ್ದವರು ‘ಟ’, ಇಲ್ಲದವರು ‘ಇ’. ಎಷ್ಟಾದರೂ ಇ, ಒಂದೇ ಟ, ಮತ್ತೆ ಎಷ್ಟಾದರೂ ಇ. ಇಂಥ ಪದಗಳ ಗುಂಪೇ ರೆಗ್ಯುಲರ್ ಭಾಷೆ. ಅದನ್ನು ಗುರುತಿಸೋಕೆ ಮೂರು ಸ್ಥಿತಿಗಳ ಪುಟ್ಟ ಆಟೊಮೇಟನ್ ಸಾಕು: ಟ ಬಂದಿಲ್ಲ, ಒಮ್ಮೆ ಬಂತು, ಮತ್ತೊಮ್ಮೆ ಬಂತು. ಟೋಕನ್ ದಾಟಿಸಿದರೆ ‘ಟಇ’ ಹೋಗಿ ‘ಇಟ’ ಆಗುತ್ತೆ, ಪದ ಅದೇ ಭಾಷೆಯೊಳಗೆ ಉಳಿಯುತ್ತೆ. ಸಾಲು ಎಷ್ಟೇ ಉದ್ದವಿರಲಿ, ಸಾಬೀತು ಮುಗೀತು. ರೆಗ್ಯುಲರ್ ಮಾಡೆಲ್ ಚೆಕಿಂಗ್ ಅನ್ನೋದರ ತಿರುಳು ಇಷ್ಟೇ. ಎಲ್ಲ ವ್ಯವಸ್ಥೆಗೂ ಇದು ಒಗ್ಗಲ್ಲ. ಗೋಡೆ ಈಗಲೂ ಇದೆ.

ಯಂತ್ರದ ಮಿತಿ ಹೇಳಿದವನನ್ನು ಪ್ರಭುತ್ವ ಮಿತಿಯೇ ಇಲ್ಲದೆ ತಪಾಸಿಸಿತು. 1952ರಲ್ಲಿ ಮನೆಗಳ್ಳತನದ ದೂರು ಕೊಡಲು ಹೋದವನೇ ಸಲಿಂಗ ಸಂಬಂಧಕ್ಕಾಗಿ ಅಪರಾಧಿಯಾದ. ಜೈಲಿನ ಬದಲು ಹಾರ್ಮೋನು ‘ಚಿಕಿತ್ಸೆ’. 1954ರ ಜೂನ್ 7ರಂದು, 41ನೇ ವಯಸ್ಸಿಗೆ, ಸಯನೈಡಿನಿಂದ ಸತ್ತ. ಬ್ರಿಟನ್ ಕ್ಷಮಾದಾನ ಕೊಟ್ಟಿದ್ದು 2013ರಲ್ಲಿ. ಅದೇ ಬ್ರಿಟಿಷರು ನಮಗೆ ಬಿಟ್ಟುಹೋದ ಸೆಕ್ಷನ್ 377ರಿಂದ ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಬಿಡುಗಡೆ ಸಿಕ್ಕಿದ್ದು 2018ರ ಸೆಪ್ಟೆಂಬರ್ 6ರಂದು.

ಇವತ್ತು ರೇಷನ್ನಿಂದ ಪಿಂಚಣಿವರೆಗೆ ನಮ್ಮನ್ನು ಸಾಫ್ಟ್‌ವೇರ್ ತಪಾಸಣೆ ಮಾಡುತ್ತೆ. ಆ ಸಾಫ್ಟ್‌ವೇರನ್ನು ತಪಾಸಣೆ ಮಾಡಿದವರ್ಯಾರು? ಟೆಸ್ಟ್ ಆಗಿದೆ ಎಂಬ ಉತ್ತರ ಸಾಲದು. ಏನನ್ನು ಸಾಬೀತು ಮಾಡಿದ್ದೀರಿ, ಏನನ್ನು ಮಾಡಿಲ್ಲ ಅಂತ ಕೇಳೋಣ. ಟ್ಯೂರಿಂಗ್ ಎರಡನ್ನೂ ಬೇರೆಬೇರೆಯಾಗಿ ಹೇಳಿದ್ದ.