ಗೊರಿಲ್ಲಾಗಳ ಬಂಧು ಡಯಾನ್ ಫಾಸಿ

ಮನುಷ್ಯನು ತಾನು ಅರಿಯದ ವಸ್ತುವಿಗೆ ಅಂಜುವುದು ಸಹಜ. ಅಂಜಿದ ವಸ್ತುವನ್ನು ಕ್ರೂರವೆಂದು ಬಣ್ಣಿಸುವುದೂ ಸಹಜ. ಆಫ್ರಿಕದ ಗೊರಿಲ್ಲಾದ ವಿಷಯದಲ್ಲಿ ಬಹುಕಾಲ ನಡೆದದ್ದು ಇದೇ. ಬೇಟೆಗಾರರು ಹೇಳಿದ ಕಥೆಗಳಲ್ಲಿಯೂ, ೧೯೩೩ರಲ್ಲಿ ತೆರೆಕಂಡ ಕಿಂಗ್ ಕಾಂಗ್ ಎಂಬ ಚಲನಚಿತ್ರದಲ್ಲಿಯೂ ಅದು ಎದೆ ಬಡಿದುಕೊಂಡು ಮೇಲೇರಿ ಬರುವ ರಾಕ್ಷಸನಾಗಿ ಕಾಣಿಸಿಕೊಂಡಿತು. ಆ ರಾಕ್ಷಸನ ಮನೆಯಂಗಳದಲ್ಲಿಯೇ ವರ್ಷಗಟ್ಟಲೆ ಕುಳಿತು, ಅವನು ರಾಕ್ಷಸನಲ್ಲ, ಸೊಪ್ಪುಸದೆ ತಿಂದು ಹೆಂಡಿರು ಮಕ್ಕಳೊಡನೆ ಬಾಳುವ ಸಾಧುಜೀವಿ ಎಂದು ಲೋಕಕ್ಕೆ ತಿಳಿಸಿಕೊಟ್ಟವಳು ಡಯಾನ್ ಫಾಸಿ. ಆ ಸತ್ಯವನ್ನು ಕಂಡುಕೊಂಡ ಕಾಡಿನಲ್ಲಿಯೇ ಆಕೆ ತನ್ನ ಪ್ರಾಣವನ್ನೂ ತೆತ್ತಳು.

೧೯೩೨ನೆಯ ಇಸವಿ ಜನವರಿ ೧೬ರಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಯಾನ್ ಜನಿಸಿದಳು. ಆಕೆ ಇನ್ನೂ ಎಳೆಯವಳಿರುವಾಗಲೇ ತಂದೆತಾಯಿಗಳು ಬೇರೆಯಾದರು, ತಾಯಿ ಮರುಮದುವೆಯಾದಳು. ಮಲತಂದೆ ಕಟ್ಟುನಿಟ್ಟಿನ ಮನುಷ್ಯ. ಹಿರಿಯರ ಊಟದ ಮೇಜಿನಲ್ಲಿ ಬಾಲಕಿಗೆ ಎಡೆಯಿರಲಿಲ್ಲ. ಹತ್ತು ವರ್ಷ ತುಂಬುವವರೆಗೆ ಆಕೆ ಅಡಿಗೆಮನೆಯಲ್ಲಿ ಮನೆಗೆಲಸದವಳೊಡನೆ ಉಣ್ಣುತ್ತಿದ್ದಳು. ಮನೆಯಲ್ಲಿ ದೊರೆಯದ ಒಲವನ್ನು ಆಕೆ ಮೂಕಪ್ರಾಣಿಗಳಲ್ಲಿ ಅರಸಿದಳು. ಚಿಕ್ಕಂದಿನಲ್ಲಿಯೇ ಕುದುರೆ ಸವಾರಿ ಕಲಿತು ಅದರಲ್ಲಿ ನಿಪುಣಳಾದಳು.

ಪಶುವೈದ್ಯಳಾಗಬೇಕೆಂಬುದು ಆಕೆಯ ಹಂಬಲ. ಅದಕ್ಕಾಗಿ ಕಾಲೇಜು ಸೇರಿದಳು. ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಆಕೆಗೆ ಒಲಿಯಲಿಲ್ಲ. ಪರೀಕ್ಷೆಯಲ್ಲಿ ಸೋತವರ ಬಾಳೇ ಸೋತಿತೆಂದು ತಿಳಿಯುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಡಯಾನ್ ದಾರಿ ಬದಲಿಸಿದಳು. ಕೈಕೆಲಸ, ಆಟಪಾಠಗಳ ಮೂಲಕ ರೋಗಿಗಳ ಅಂಗಬಲವನ್ನು ಮರಳಿ ತರುವ ಚಿಕಿತ್ಸಾವಿದ್ಯೆಯನ್ನು ಅಭ್ಯಾಸಮಾಡಿ ೧೯೫೪ರಲ್ಲಿ ಪದವಿ ಪಡೆದಳು. ಬಳಿಕ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ ಅಂಗವಿಕಲ ಮಕ್ಕಳ ಆಸ್ಪತ್ರೆಯೊಂದರಲ್ಲಿ ಆ ಚಿಕಿತ್ಸೆಯ ವಿಭಾಗಕ್ಕೆ ಮುಖ್ಯಸ್ಥಳಾದಳು. ಮಾತು ಬಾರದ, ನೋವನ್ನು ಹೇಳಿಕೊಳ್ಳಲಾರದ ಮಕ್ಕಳ ಬಳಿ ಅವಸರಪಡದೆ ಕುಳಿತು ಅವರ ವಿಶ್ವಾಸವನ್ನು ಗಳಿಸುವ ತಾಳ್ಮೆಯನ್ನು ಆಕೆ ಅಲ್ಲಿ ಕಲಿತಳು. ಮುಂದೆ ಅರಣ್ಯದಲ್ಲಿ ಆಕೆಯನ್ನು ಕಾಪಾಡಿದ ವಿದ್ಯೆ ಅದೇ.

೧೯೬೩ರಲ್ಲಿ, ಬ್ಯಾಂಕಿನಿಂದ ಸಾಲ ತೆಗೆದು, ಡಯಾನ್ ಆಫ್ರಿಕದ ಪ್ರವಾಸಕ್ಕೆ ಹೊರಟಳು. ಟಾಂಗನಿಕದ ಓಲ್ಡುವಾಯಿ ಕಣಿವೆಯಲ್ಲಿ ಪ್ರಾಚೀನ ಮಾನವನ ಅವಶೇಷಗಳನ್ನು ಅಗೆದು ತೆಗೆಯುತ್ತಿದ್ದ ಪ್ರಸಿದ್ಧ ವಿದ್ವಾಂಸ ಲೂಯಿ ಲೀಕಿಯನ್ನು ಕಂಡಳು. ಅಲ್ಲಿ ಕಾಲು ಜಾರಿ ಬಿದ್ದು ಹರಡು ಮುರಿದುಕೊಂಡರೂ ಹಿಂದಿರುಗಲಿಲ್ಲ. ಕುಂಟುತ್ತಲೇ ವಿರುಂಗಾ ಪರ್ವತಗಳನ್ನು ಹತ್ತಿದಳು. ರ್ವಾಂಡ, ಉಗಾಂಡ, ಕಾಂಗೋ ಈ ಮೂರು ದೇಶಗಳ ಗಡಿಗಳು ಕೂಡುವೆಡೆಯಲ್ಲಿರುವ ಅಗ್ನಿಪರ್ವತಗಳ ಸಾಲು ಅದು. ಅಲ್ಲಿಯ ಮಂಜು ಮುಸುಕಿದ ಕಾಡಿನಲ್ಲಿ ಮೊದಲು ವಾಸನೆ, ಆಮೇಲೆ ಕೂಗು, ಕೊನೆಗೆ ಎಲೆಗಳ ನಡುವೆ ಕಪ್ಪು ಮುಖಗಳು! ಬೆಟ್ಟದ ಗೊರಿಲ್ಲಾಗಳನ್ನು ಆಕೆ ಮೊದಲ ಬಾರಿಗೆ ಕಂಡದ್ದು ಹೀಗೆ. ಆ ದರ್ಶನದ ನಂತರ ಲೂಯಿವಿಲ್ಲಿಗೆ ಮರಳಿದರೂ ಆಕೆಯ ಮನಸ್ಸು ಬೆಟ್ಟದಲ್ಲಿಯೇ ಉಳಿಯಿತು.

ಮೂರು ವರ್ಷಗಳ ತರುವಾಯ ಲೀಕಿ ಲೂಯಿವಿಲ್ಲಿಗೆ ಉಪನ್ಯಾಸಕ್ಕೆಂದು ಬಂದರು. ಮಾನವನ ಪೂರ್ವಜರ ಬಾಳುವೆಯನ್ನು ಅರಿಯಬೇಕಾದರೆ ಬಾಲವಿಲ್ಲದ ಮಹಾಕಪಿಗಳ ಬಾಳುವೆಯನ್ನು ಅವುಗಳ ನಾಡಿನಲ್ಲಿಯೇ ನೋಡಬೇಕೆಂಬುದು ಅವರ ಮತ. ಚಿಂಪಾಂಜಿಗಳ ಅಧ್ಯಯನಕ್ಕೆ ಜೇನ್ ಗೂಡಾಲ್ ಎಂಬ ತರುಣಿಯನ್ನು ಅವರು ಆಗಲೇ ಕಳುಹಿಸಿದ್ದರು. ಗೊರಿಲ್ಲಾಗಳ ಅಧ್ಯಯನಕ್ಕೆ ಡಯಾನ್ ತಕ್ಕವಳೆಂದು ಅವರಿಗೆ ತೋರಿತು. ವೈದ್ಯರಿಲ್ಲದ ಕಾಡಿಗೆ ಹೋಗುವ ಮುನ್ನ ಅಪೆಂಡಿಕ್ಸನ್ನು ತೆಗೆಸಿಕೊಳ್ಳಬೇಕೆಂದು ಲೀಕಿ ಹೇಳಿದರು. ರೋಗವಿಲ್ಲದಿದ್ದರೂ ಆಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದಾಗ, ಅದು ಆಕೆಯ ದೃಢಸಂಕಲ್ಪದ ಪರೀಕ್ಷೆಗಾಗಿ ಹೇಳಿದ ಮಾತೆಂದು ತಿಳಿಸುವ ಅವರ ಪತ್ರ ಕಾದಿತ್ತು!

೧೯೬೭ರ ಜನವರಿಯಲ್ಲಿ ಡಯಾನ್ ಕಾಂಗೋ ದೇಶದ ಕಬಾರಾ ಎಂಬಲ್ಲಿ ಒಂದು ಡೇರೆ ಹಾಕಿದಳು. ಕೆಲವು ವರ್ಷಗಳ ಹಿಂದೆ ಜಾರ್ಜ್ ಶಾಲರ್ ಎಂಬ ವಿಜ್ಞಾನಿ ಗೊರಿಲ್ಲಾಗಳನ್ನು ಅಭ್ಯಸಿಸಿದ ಸ್ಥಳವದು. ಜಾಡು ಹಿಡಿಯುವುದರಲ್ಲಿ ಜಾಣನಾದ ಸಾನ್ವೆಕ್ವೆ ಎಂಬ ಆಫ್ರಿಕದವನು ಆಕೆಗೆ ಕಾಡಿನ ಓಲೆಯನ್ನು ಓದಲು ಕಲಿಸಿದನು. ಆದರೆ ಆರು ತಿಂಗಳಲ್ಲಿ ದೇಶದಲ್ಲಿ ದಂಗೆಯೆದ್ದಿತು. ಸೈನಿಕರು ಆಕೆಯನ್ನು ಬೆಟ್ಟದಿಂದಿಳಿಸಿ ಕಾವಲಿನಲ್ಲಿಟ್ಟರು. ಆಕೆ ಉಪಾಯದಿಂದ ಉಗಾಂಡಕ್ಕೆ ತಪ್ಪಿಸಿಕೊಂಡಳು. ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಊರು ಸೇರುತ್ತಿದ್ದರು. ಡಯಾನ್ ಬೆಟ್ಟದ ಇನ್ನೊಂದು ಮಗ್ಗುಲಿನಿಂದ ಹತ್ತಿದಳು. ರ್ವಾಂಡದ ಕಡೆ, ಕರಿಸಿಂಬಿ ಮತ್ತು ವಿಸೋಕೆ ಪರ್ವತಗಳ ನಡುವೆ, ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಮೀಟರ್ ಎತ್ತರದಲ್ಲಿ, ೧೯೬೭ರ ಸೆಪ್ಟೆಂಬರ್ ೨೪ರಂದು ಹೊಸ ಬಿಡಾರವನ್ನು ಹೂಡಿದಳು. ಎರಡು ಪರ್ವತಗಳ ಹೆಸರುಗಳನ್ನು ಜೋಡಿಸಿ ಅದಕ್ಕೆ ಕರಿಸೋಕೆ ಎಂದು ಹೆಸರಿಟ್ಟಳು.

ಮಳೆ, ಚಳಿ, ಕೆಸರು, ತುರಿಕೆಸೊಪ್ಪಿನ ಪೊದೆಗಳು. ಇವುಗಳ ನಡುವೆ ಒಂಟಿ ಹೆಂಗಸು. ಉಬ್ಬಸದಿಂದ ನರಳುತ್ತಿದ್ದ ಆಕೆಗೆ ಆ ಎತ್ತರದಲ್ಲಿ ಉಸಿರಾಡುವುದೇ ಪ್ರಯಾಸ. ಗೊರಿಲ್ಲಾಗಳೋ ಆಕೆಯನ್ನು ಕಂಡೊಡನೆ ಓಡುತ್ತಿದ್ದವು. ಆಗ ಆಕೆಗೆ ಆಸ್ಪತ್ರೆಯ ಮಕ್ಕಳ ಪಾಠ ನೆರವಾಯಿತು. ನೆಟ್ಟಗೆ ನಿಂತು ದಿಟ್ಟಿಸಿ ನೋಡಿದರೆ ಅವು ಬೆದರುವುದನ್ನು ಕಂಡು, ನೆಲದ ಮೇಲೆ ಬಾಗಿ, ಕೈಮುಷ್ಟಿಯೂರಿ ನಡೆದಳು. ಅವುಗಳಂತೆ ಮೈ ತುರಿಸಿಕೊಂಡಳು. ಕಾಡು ಸೆಲರಿಯ ದಂಟನ್ನು ಅಗಿದಳು. ಹೊಟ್ಟೆ ತುಂಬಿದಾಗ ಅವು ಗಂಟಲಿನಲ್ಲಿ ಹೊರಡಿಸುವ ತೃಪ್ತಿಯ ದನಿಯನ್ನು ಕಲಿತು ತಾನೂ ಹೊರಡಿಸಿದಳು. ಪ್ರತಿಯೊಂದು ಗೊರಿಲ್ಲಾದ ಮೂಗಿನ ಮೇಲಿನ ಗೆರೆಗಳು ಬೇರೆ ಬೇರೆಯಾಗಿರುವುದರಿಂದ ಆ ಗೆರೆಗಳನ್ನು ಬರೆದಿಟ್ಟುಕೊಂಡು ಒಂದೊಂದನ್ನೂ ಗುರುತಿಸಿದಳು. ತಿಂಗಳುಗಳು ಕಳೆದು ವರ್ಷಗಳಾದವು. ೧೯೭೦ರಲ್ಲಿ ಒಂದು ದಿನ, ಪೀನಟ್ಸ್ ಎಂದು ಆಕೆ ಹೆಸರಿಟ್ಟಿದ್ದ ಗಂಡು ಗೊರಿಲ್ಲಾ ತಾನಾಗಿಯೇ ಸಮೀಪಿಸಿ, ಚಾಚಿದ ಆಕೆಯ ಕೈಯನ್ನು ತನ್ನ ಬೆರಳುಗಳಿಂದ ಮೆಲ್ಲನೆ ಮುಟ್ಟಿತು.

ಆಕೆ ಕಂಡ ಸಂಸಾರಚಿತ್ರ ಹೀಗಿತ್ತು. ಗೊರಿಲ್ಲಾಗಳು ಗುಂಪಾಗಿ ಬಾಳುತ್ತವೆ. ಬೆನ್ನಿನ ಮೇಲೆ ಬೆಳ್ಳಿಯಂತೆ ನರೆತ ಕೂದಲುಳ್ಳ ಹಿರಿಯ ಗಂಡು ಗುಂಪಿಗೆ ಯಜಮಾನ. ಎಲ್ಲಿ ಮೇಯಬೇಕು, ಎಲ್ಲಿ ತಂಗಬೇಕು ಎಂಬುದನ್ನು ನಿಶ್ಚಯಿಸುವವನು ಅವನು. ಅಪಾಯ ಬಂದಾಗ ಮುಂದೆ ನಿಲ್ಲುವವನೂ ಅವನೇ. ಮುಳ್ಳುಸೊಪ್ಪು, ಬಿದಿರಿನ ಕಳಲೆ, ಕಾಡುಬಳ್ಳಿಗಳು ಅವುಗಳ ಆಹಾರ. ಪ್ರತಿರಾತ್ರಿಯೂ ಹೊಸದಾಗಿ ಎಲೆಕೊಂಬೆಗಳನ್ನು ಮಡಿಸಿ ಹಾಸಿಗೆ ಮಾಡಿಕೊಳ್ಳುತ್ತವೆ. ಎದೆ ಬಡಿದುಕೊಂಡು ಮೇಲೇರಿ ಬರುವುದು ಬಹುಪಾಲು ಬೆದರಿಕೆ ಮಾತ್ರ. ಹೆಣ್ಣು ನಾಲ್ಕು ವರ್ಷಗಳಿಗೊಮ್ಮೆ ಮರಿಹಾಕುವುದರಿಂದ ಒಂದು ಸತ್ತರೆ ಅದರ ಸ್ಥಾನ ತುಂಬುವುದು ನಿಧಾನ. ತಾನು ಕಂಡ ಕಠೋರ ಸಂಗತಿಗಳನ್ನೂ ಆಕೆ ಮರೆಮಾಚಲಿಲ್ಲ: ಒಂದು ಗುಂಪಿನ ಗಂಡು ಇನ್ನೊಂದು ಗುಂಪಿನ ಎಳೆಮರಿಯನ್ನು ಕೊಲ್ಲುವುದುಂಟೆಂದು ಬರೆದಳು. ಈ ಅಧ್ಯಯನಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಆಕೆಗೆ ಡಾಕ್ಟರ್ ಪದವಿಯನ್ನಿತ್ತಿತು. ರಸಾಯನಶಾಸ್ತ್ರದಲ್ಲಿ ಸೋತಿದ್ದ ವಿದ್ಯಾರ್ಥಿನಿ ಈಗ ಪ್ರಾಣಿಶಾಸ್ತ್ರದ ಪಂಡಿತೆಯಾಗಿದ್ದಳು.

ಆದರೆ ಕಾಡು ಕರಗುತ್ತಿತ್ತು. ರ್ವಾಂಡದಲ್ಲಿ ಜನ ಹೆಚ್ಚು, ನೆಲ ಕಡಿಮೆ. ಕೀಟನಾಶಕಕ್ಕೆ ಬೇಕಾದ ಪೈರೆಥ್ರಮ್ ಎಂಬ ಹೂವಿನ ಬೇಸಾಯಕ್ಕಾಗಿ ರಕ್ಷಿತಾರಣ್ಯದ ದೊಡ್ಡ ಭಾಗವನ್ನು ಕಡಿಯಲಾಯಿತು. ಉಳಿದ ಕಾಡಿನಲ್ಲಿ ಜಿಂಕೆ, ಕಾಡುಕೋಣಗಳಿಗಾಗಿ ಒಡ್ಡಿದ ಉರುಲುಗಳಲ್ಲಿ ಗೊರಿಲ್ಲಾಗಳು ಕೈಕಾಲು ಕಳೆದುಕೊಳ್ಳುತ್ತಿದ್ದವು. ಅವುಗಳ ತಲೆಗೂ ಕೈಗೂ ಬೆಲೆ ಕಟ್ಟುವ ಪರದೇಶದ ಪ್ರವಾಸಿಗರಿದ್ದರು. ಮರಿಗಳಿಗೆ ಮೃಗಾಲಯಗಳ ಬೇಡಿಕೆಯಿತ್ತು. ೧೯೬೯ರಲ್ಲಿ ಜರ್ಮನಿಯ ಕಲೋನ್ ನಗರದ ಮೃಗಾಲಯಕ್ಕೆಂದು ಹಿಡಿದ, ಸಾಯುವ ಸ್ಥಿತಿಯಲ್ಲಿದ್ದ ಎರಡು ಮರಿಗಳು ಡಯಾನಳ ಕೈಗೆ ಬಂದವು. ಆಕೆ ಅವನ್ನು ತನ್ನ ಗುಡಿಸಲಿನಲ್ಲಿಟ್ಟು ಉಪಚರಿಸಿ ಬದುಕಿಸಿದಳು. ಕಾಡಿಗೇ ಬಿಡಬೇಕೆಂಬ ಆಕೆಯ ಬೇಡಿಕೆ ನಡೆಯಲಿಲ್ಲ. ಅವುಗಳನ್ನು ಕಲೋನಿಗೆ ಒಯ್ದರು. ೧೯೭೮ರಲ್ಲಿ ಎರಡೂ ಅಲ್ಲಿಯೇ ಸತ್ತವು.

ಅವಳಿಗೆ ಎಲ್ಲಕ್ಕಿಂತ ಪ್ರಿಯವಾದ ಗೊರಿಲ್ಲಾ ಡಿಜಿಟ್. ಬೆರಳೊಂದು ಊನವಾಗಿದ್ದುದರಿಂದ ಅದಕ್ಕೆ ಆ ಹೆಸರು. ೧೯೬೭ರಲ್ಲಿ ಆಕೆ ಮೊದಲು ಕಂಡಾಗ ಅದಿನ್ನೂ ಸುಮಾರು ಐದು ವರ್ಷದ ತುಂಟ ಮರಿ. ತನ್ನ ಗುಂಪಿನಲ್ಲಿ ಓರಗೆಯವರಿಲ್ಲದ ಆ ಮರಿ, ತನ್ನವರಿಂದ ದೂರವಿದ್ದ ಈ ಹೆಂಗಸಿನ ಬಳಿ ಬಂದು ಕೂರುತ್ತಿತ್ತು. ಆಕೆಯ ಕೈಗವಸು, ಪೆನ್ನು, ಪುಸ್ತಕಗಳನ್ನು ಮುಟ್ಟಿ ನೋಡಿ ಹಿಂದಿರುಗಿಸುತ್ತಿತ್ತು. ಹತ್ತು ವರ್ಷಗಳ ಗೆಳೆತನ ಬೆಳೆಯಿತು. ೧೯೭೭ರ ಡಿಸೆಂಬರ್ ೩೧ರಂದು ಕಳ್ಳಬೇಟೆಗಾರರು ಗುಂಪಿನ ಮೇಲೆ ಬಿದ್ದರು. ಆಗ ಗುಂಪಿನ ಕಾವಲುಗಾರನಾಗಿದ್ದ ಡಿಜಿಟ್ ಹಿಂದೆ ನಿಂತು ಅವರನ್ನೂ ಅವರ ನಾಯಿಗಳನ್ನೂ ಎದುರಿಸಿತು. ಭರ್ಜಿಯ ಇರಿತಗಳಿಂದ ಅದು ಸತ್ತು ಬಿದ್ದಿತು. ಗುಂಪಿನ ಉಳಿದವರೆಲ್ಲ ಪಾರಾದರು. ಕಟುಕರು ಅದರ ತಲೆಯನ್ನೂ ಕೈಗಳನ್ನೂ ಕಡಿದೊಯ್ದರು. ಡಯಾನ್ ಆ ದೇಹವನ್ನು ತನ್ನ ಗುಡಿಸಲಿನ ಬಳಿ ಹೂಳಿಸಿ, ಕಳ್ಳಬೇಟೆಯನ್ನು ತಡೆಯಲು ಡಿಜಿಟನ ಹೆಸರಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದಳು.

ಅಂದಿನಿಂದ ಆಕೆ ಶಾಸ್ತ್ರಜ್ಞೆಗಿಂತ ಹೆಚ್ಚಾಗಿ ಯೋಧಳಾದಳು. ಕಾವಲುಗಾರರ ತಂಡಗಳನ್ನು ಕಟ್ಟಿ ಉರುಲುಗಳನ್ನು ಕೀಳಿಸಿದಳು. ಇಲ್ಲಿಯವರೆಗೆ ಹೇಳಿದ್ದು ಹೊಗಳಿಕೆಯ ಮಾತು. ಇನ್ನೊಂದು ಮಾತನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಸಿಕ್ಕಿಬಿದ್ದ ಬೇಟೆಗಾರರನ್ನು ಆಕೆ ತುರಿಕೆಸೊಪ್ಪಿನಿಂದ ಹೊಡೆಸಿದಳು. ಮಾಟಗಾತಿಯ ವೇಷದಿಂದ ಹೆದರಿಸಿದಳು. ಕಾಡಿಗೆ ನುಗ್ಗಿದ ದನಗಳನ್ನು ಗುಂಡಿಕ್ಕಿದಳು. ಬೇಟೆಗಾರರಲ್ಲಿ ಹಲವರು ಹೊಟ್ಟೆಗಿಲ್ಲದ ಬಡವರು. ಕಾಡಿನ ಅಂಚಿನ ರೈತನ ಕಷ್ಟವನ್ನು ಆಕೆ ಗೊರಿಲ್ಲಾದ ಕಷ್ಟದಷ್ಟು ಕರುಣೆಯಿಂದ ಕಾಣಲಿಲ್ಲವೆಂಬ ಆಕ್ಷೇಪಣೆಯಲ್ಲಿ ನ್ಯಾಯವಿದೆ. ಹಳ್ಳಿಗರಿಗೆ ತಿಳಿವಳಿಕೆ ಕೊಡಬೇಕು, ಗೊರಿಲ್ಲಾಗಳನ್ನು ನೋಡಬರುವ ಪ್ರವಾಸಿಗರಿಂದ ನಾಡಿಗೆ ವರಮಾನ ಬರುವಂತೆ ಮಾಡಬೇಕು ಎಂದು ಬೇರೆ ವಿಜ್ಞಾನಿಗಳು ೧೯೭೯ರಲ್ಲಿ ಇನ್ನೊಂದು ಯೋಜನೆಯನ್ನು ಆರಂಭಿಸಿದರು. ಪ್ರವಾಸಿಗರ ಕಾಟ ಡಯಾನಳಿಗೆ ಹಿಡಿಸದು; ಅಲ್ಲಿಯವರೆಗೆ ಗೊರಿಲ್ಲಾಗಳು ಉಳಿದಿರಬೇಕಲ್ಲ ಎಂಬುದು ಆಕೆಯ ವಾದ. ಕಾಲಕ್ರಮದಲ್ಲಿ ಎರಡು ದಾರಿಗಳೂ ಅಗತ್ಯವಾದವು.

೧೯೮೦ರಲ್ಲಿ ಆಕೆ ಅಮೆರಿಕಕ್ಕೆ ಮರಳಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಪಾಠ ಹೇಳಿದಳು. ಮಂಜಿನಲ್ಲಿಯ ಗೊರಿಲ್ಲಾಗಳು ಎಂಬ ಅರ್ಥದ ಹೆಸರುಳ್ಳ ಆಕೆಯ ಪುಸ್ತಕ ೧೯೮೩ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಕೀರ್ತಿ ಬಂದಿತು, ಆದರೂ ನಗರದಲ್ಲಿ ಮನಸ್ಸು ನಿಲ್ಲದೆ ಆಕೆ ಮತ್ತೆ ಕರಿಸೋಕೆಯನ್ನು ಸೇರಿದಳು. ೧೯೮೫ರ ಡಿಸೆಂಬರ್ ಕೊನೆಯ ವಾರದಲ್ಲಿ, ಕ್ರಿಸ್‌ಮಸ್ ಹಬ್ಬ ಮುಗಿದ ಒಂದೆರಡು ದಿನಗಳಲ್ಲಿಯೇ, ತನ್ನ ಗುಡಿಸಲಿನಲ್ಲಿ ಆಕೆ ಮಚ್ಚಿನ ಏಟಿನಿಂದ ಹತಳಾಗಿ ಬಿದ್ದಿದ್ದಳು. ರ್ವಾಂಡದ ನ್ಯಾಯಾಲಯವು ತೀರ್ಪನ್ನು ಕೊಟ್ಟಿತಾದರೂ ಕೊಲೆಯ ನಿಜಾಂಶದ ಬಗೆಗೆ ಸಂದೇಹ ಇಂದಿಗೂ ತೀರಿಲ್ಲ. ಸತ್ತ ಗೊರಿಲ್ಲಾಗಳಿಗಾಗಿ ಆಕೆಯೇ ಮಾಡಿಸಿದ್ದ ಸ್ಮಶಾನದಲ್ಲಿ, ಡಿಜಿಟನ ಪಕ್ಕದಲ್ಲಿ, ಆಕೆಯನ್ನು ಮಣ್ಣು ಮಾಡಿದರು. ಆಗ ಆಕೆಗೆ ೫೩ ವರ್ಷ.

ಆಕೆ ಬದುಕಿದ್ದಾಗ ವಿರುಂಗಾ ಪರ್ವತಗಳಲ್ಲಿ ಗೊರಿಲ್ಲಾಗಳ ಸಂಖ್ಯೆ ಸುಮಾರು ೨೫೦ಕ್ಕೆ ಇಳಿದಿತ್ತು. ಶತಮಾನ ಮುಗಿಯುವುದರೊಳಗೆ ಅವು ನಿರ್ವಂಶವಾಗುವುವೆಂದು ಆಕೆ ಅಂಜಿದ್ದಳು. ಆ ಅಂಜಿಕೆ ಸುಳ್ಳಾಯಿತು. ೧೯೯೪ರ ಘೋರ ನರಮೇಧದ ಕಾಲದಲ್ಲಿ ಕರಿಸೋಕೆಯ ಕಟ್ಟಡಗಳು ಹಾಳಾದವು. ಆದರೂ ಆಕೆ ಪಳಗಿಸಿದ್ದ ಕಾಡಿನ ಜಾಡುಗಾರರೂ ಅವರ ನಂತರದವರೂ ಕೆಲಸವನ್ನು ಕೈಬಿಡಲಿಲ್ಲ. ೨೦೧೮ರಲ್ಲಿ ಪ್ರಕಟವಾದ ಗಣತಿಯಂತೆ ವಿರುಂಗಾದಲ್ಲಿ ೬೦೪ ಬೆಟ್ಟದ ಗೊರಿಲ್ಲಾಗಳಿದ್ದವು. ಉಗಾಂಡದ ಬ್ವಿಂಡಿ ಕಾಡಿನ ಗೊರಿಲ್ಲಾಗಳನ್ನೂ ಸೇರಿಸಿದರೆ ಅವುಗಳ ಒಟ್ಟು ಸಂಖ್ಯೆ ಸಾವಿರವನ್ನು ದಾಟಿತು. ಡಿಜಿಟನ ಹೆಸರಿನ ನಿಧಿ ಇಂದು ಡಯಾನ್ ಫಾಸಿಯ ಹೆಸರನ್ನು ಹೊತ್ತಿದೆ. ರ್ವಾಂಡದಲ್ಲಿ ೨೦೦೫ರಿಂದ ಗೊರಿಲ್ಲಾ ಮರಿಗಳಿಗೆ ಹೆಸರಿಡುವ ಉತ್ಸವವೊಂದು ನಡೆದುಬಂದಿದೆ. ಹಿಂದೊಮ್ಮೆ ಉರುಲು ಒಡ್ಡುತ್ತಿದ್ದ ಬೆಟ್ಟದ ಬುಡದ ಹಳ್ಳಿಗಳಿಗೆ ಈಗ ಪ್ರವಾಸಿಗರ ಹಣದಲ್ಲಿ ಒಂದು ಪಾಲು ಸಲ್ಲುತ್ತದೆ.

ನಮ್ಮಲ್ಲಿ ಹಲವರು ರಜೆಯಲ್ಲಿ ಊರಿಗೆ ಹೋದಾಗ ಮೈಸೂರಿನ ಮೃಗಾಲಯವನ್ನು ನೋಡುತ್ತೇವೆ. ೨೦೨೧ರಲ್ಲಿ ಜರ್ಮನಿಯಿಂದ ಅಲ್ಲಿಗೆ ಎರಡು ಗೊರಿಲ್ಲಾಗಳು ಬಂದವು. ಅವು ತಗ್ಗುನಾಡಿನ ಜಾತಿಯವು. ಡಯಾನಳ ಬೆಟ್ಟದ ಗೊರಿಲ್ಲಾಗಳನ್ನು ಅವುಗಳ ಕಾಡಿನಲ್ಲಲ್ಲದೆ ಬೇರೆಲ್ಲಿಯೂ ಕಾಣಲಾರೆವು. ಆದರೂ ಆ ಕಂದಕದ ಎದುರು ನಿಂತಾಗ ಕೂಗಿ ಅಣಕಿಸದೆ, ಒಂದು ಗಳಿಗೆ ಮೌನವಾಗಿ ಅವುಗಳ ಮುಖವನ್ನು ನೋಡೋಣ. ಪರರ ದನಿಯನ್ನು ಕಲಿತು, ಬಾಗಿ, ತಾಳ್ಮೆಯಿಂದ ಸಮೀಪಿಸಿದವಳಿಗೆ ರಾಕ್ಷಸನೆನಿಸಿಕೊಂಡವನು ತಾನಾಗಿ ಕೈನೀಡಿದನೆಂಬುದು ಆಗ ನಮ್ಮ ನೆನಪಿಗೆ ಬಂದರೆ ಸಾಕು.