ಒಟ್ಟೋ ಕೋನಿಗ್ಸ್‌ಬರ್ಗರ್

ಉಡುಪಿಯಿಂದ ವಾಯವ್ಯಕ್ಕೆ, ಪಡುವಣ ಕಡಲಿಗೂ ಸುವರ್ಣಾ ನದಿಗೂ ನಡುವೆ ಚಾಚಿಕೊಂಡಿರುವ ಮರಳುನೆಲದ ಊರು ಹೂಡೆ. ಅಲ್ಲಿಯ ಹಳೆಯ ಮನೆಗಳಲ್ಲಿ ಗೋಡೆಗಿಂತ ಮಾಡೇ ದೊಡ್ಡದಾಗಿ ಕಾಣುತ್ತದೆ. ಇಳಿಜಾರಾದ ಹಂಚಿನ ಮಾಡು ಆಳೆತ್ತರದವರೆಗೆ ತಗ್ಗಿ ಬಂದು ಜಗಲಿಯನ್ನು ಪೂರ್ತಿಯಾಗಿ ಮುಚ್ಚಿಕೊಂಡಿರುತ್ತದೆ. ಮಾಡಿನ ಅಡಿಯಲ್ಲಿ ಮರದ ಅಟ್ಟ, ಎದುರುಬದುರಾಗಿ ತೆರೆದ ಬಾಗಿಲು ಕಿಟಕಿಗಳು, ಸುತ್ತಲೂ ತೆಂಗಿನ ಮರಗಳು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಆ ತೀರದಲ್ಲಿ ಮನೆ ಹೀಗೆಯೇ ಇರಬೇಕೆಂದು ಹಿಂದಿನ ಬಡಗಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಅಜ್ಜ ಕಟ್ಟಿದಂತೆ ಅಪ್ಪ ಕಟ್ಟಿದ. ಅಪ್ಪ ಕಟ್ಟಿದಂತೆ ಮಗ ಕಟ್ಟಿದ. ಆದರೆ ಹೀಗೆ ಕಟ್ಟುವುದರ ಕಾರಣವನ್ನು ಶೋಧಿಸಿ, ಉಷ್ಣಮಾಪಕ ಹಿಡಿದು ಅಳೆದು, ಉಷ್ಣವಲಯದ ಎಲ್ಲ ನಾಡುಗಳಿಗೂ ಅನ್ವಯಿಸುವಂತೆ ಶಾಸ್ತ್ರವನ್ನಾಗಿ ಮಾಡಿದವರಲ್ಲಿ ಒಬ್ಬರು ಜರ್ಮನಿಯಲ್ಲಿ ಹುಟ್ಟಿ, ನಮ್ಮ ಮೈಸೂರು ಸಂಸ್ಥಾನದಲ್ಲಿ ಒಂಬತ್ತು ವರ್ಷ ದುಡಿದ ವಾಸ್ತುಶಿಲ್ಪಿ ಒಟ್ಟೋ ಕೋನಿಗ್ಸ್‌ಬರ್ಗರ್.

ಅವರು ಹುಟ್ಟಿದ್ದು 1908ರ ಅಕ್ಟೋಬರ್ 13ರಂದು, ಬರ್ಲಿನ್ ನಗರದಲ್ಲಿ. ಯೆಹೂದಿ ಮನೆತನ, ವಿದ್ಯೆಗೆ ಹೆಸರಾದ ಬಂಧುವರ್ಗ. ಭೌತವಿಜ್ಞಾನದಲ್ಲಿ ಲೋಕವಿಖ್ಯಾತರಾದ ಮ್ಯಾಕ್ಸ್ ಬಾರ್ನ್ ಅವರ ಸೋದರಮಾವ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೊಯೆಲ್ತ್ಸಿಗ್, ಬ್ರೂನೊ ಟೌಟ್ ಮೊದಲಾದ ಘನ ಶಿಲ್ಪಿಗಳ ಬಳಿ ಕಲಿತ ಯುವಕನಿಗೆ 1933ರಲ್ಲಿ ಶಿಂಕೆಲ್ ಪ್ರಶಸ್ತಿ ಬಂದಿತು. ತರುಣ ಶಿಲ್ಪಿಯೊಬ್ಬನಿಗೆ ಅದಕ್ಕಿಂತ ಹೆಚ್ಚಿನ ಗೌರವ ಆ ದೇಶದಲ್ಲಿರಲಿಲ್ಲ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ, ಹೊಸದಾಗಿ ಅಧಿಕಾರಕ್ಕೆ ಬಂದ ಹಿಟ್ಲರನ ಸರ್ಕಾರ ಯೆಹೂದಿಗಳನ್ನು ಸರ್ಕಾರಿ ಕೆಲಸದಿಂದ ಹೊರಹಾಕುವ ಕಾನೂನನ್ನು ಹೊರಡಿಸಿತು. ಒಂದು ಕೈಯಲ್ಲಿ ಪ್ರಶಸ್ತಿಯನ್ನು ಕೊಟ್ಟ ನಾಡು ಇನ್ನೊಂದು ಕೈಯಿಂದ ಬಾಗಿಲನ್ನು ಮುಚ್ಚಿತು. ಇಪ್ಪತ್ತೈದು ತುಂಬುವ ಮೊದಲೇ ಕೋನಿಗ್ಸ್‌ಬರ್ಗರ್ ನಿರಾಶ್ರಿತರಾದರು.

ಆಶ್ರಯ ದೊರೆತದ್ದು ಈಜಿಪ್ಟ್ ದೇಶದಲ್ಲಿ. ಕೈರೋ ನಗರದಲ್ಲಿ ಪುರಾತತ್ವಜ್ಞ ಲುಡ್ವಿಗ್ ಬೋರ್ಕಾರ್ಟ್ ಅವರ ಸಂಶೋಧನಾಲಯವನ್ನು ಸೇರಿ, ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ನಿರ್ಮಿಸುತ್ತಿದ್ದರೆಂಬ ವಿಷಯವನ್ನು ಅಭ್ಯಾಸ ಮಾಡಿ ಡಾಕ್ಟರೇಟ್ ಪಡೆದರು. ಪಿರಮಿಡ್ಡುಗಳ ನಾಡಿನಲ್ಲಿ ಬಾಗಿಲನ್ನು ಆರಿಸಿಕೊಂಡವನ ಆಸಕ್ತಿ ಎಂಥದೆಂಬುದು ಇದರಿಂದ ತಿಳಿಯುತ್ತದೆ. ಮನುಷ್ಯನು ದಿನವೂ ತೆರೆದು ಮುಚ್ಚುವ ವಸ್ತುವಿನ ಮೇಲೆ ಅವರ ಕಣ್ಣಿತ್ತು.

ಇತ್ತ ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಭಾರತೀಯ ವಿಜ್ಞಾನ ಮಂದಿರದಲ್ಲಿದ್ದರು. ಆಗ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಬಾರ್ನ್ ಅವರಿಗೆ ಪರಿಚಯವಾಯಿತು. ಆ ಪರಿಚಯದ ಫಲವಾಗಿ 1939ರಲ್ಲಿ ಕೋನಿಗ್ಸ್‌ಬರ್ಗರ್ ಬೆಂಗಳೂರಿಗೆ ಬಂದು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಆಗ ಅವರಿಗೆ ಮೂವತ್ತು ವರ್ಷ.

ದಿವಾನರು ನಗರಗಳನ್ನು ಅಂದಗೊಳಿಸುವುದರಲ್ಲಿ ಅಪಾರ ಶ್ರದ್ಧೆಯುಳ್ಳವರು. ಗುಮ್ಮಟ, ಕಮಾನು, ಅಲಂಕಾರಗಳು ಅವರಿಗೆ ಪ್ರಿಯ. ಬರ್ಲಿನ್ನಿನಲ್ಲಿ ಕಲಿತು ಬಂದ ಯುವಕನಿಗೆ ಅನಾವಶ್ಯಕವಾದ ಅಲಂಕಾರವೆಂದರೆ ಒಲ್ಲದ ಮಾತು. ಒಡೆಯನಿಗೆ ಬೇಕಾದುದನ್ನೂ ತನ್ನ ಮನಸ್ಸಿಗೆ ಒಪ್ಪುವುದನ್ನೂ ಕೂಡಿಸಿ ನಡೆಯುವ ವಿದ್ಯೆಯನ್ನು ಅವರು ಇಲ್ಲಿ ಕಲಿಯಬೇಕಾಯಿತು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಆ ಕಾಲದ ಕೃತಿ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಉಕ್ಕು ಮತ್ತು ಸಿಮೆಂಟುಗಳಿಗೆ ಅಭಾವ ಬಂದಿತು. ಕೈಗೆ ಸಿಗುವ ಕಲ್ಲು, ಇಟ್ಟಿಗೆ, ಮರಗಳಿಂದಲೇ ಹೆಚ್ಚಿನ ಕೆಲಸ ತೆಗೆಯಬೇಕಾಯಿತು. ಕೊರತೆಯೂ ಒಬ್ಬ ಒಳ್ಳೆಯ ಉಪಾಧ್ಯಾಯನೇ ಸರಿ.

ಯುರೋಪಿನ ಶಾಲೆಗಳು ಅವರಿಗೆ ಕಲಿಸಿದ್ದುದು ಬಿಸಿಲನ್ನು ಮನೆಯೊಳಕ್ಕೆ ಕರೆದುಕೊಳ್ಳುವ ಬಗೆಯನ್ನು. ಇಲ್ಲಿಯಾದರೋ ಬಿಸಿಲನ್ನು ಹೊರಗೆ ನಿಲ್ಲಿಸಬೇಕು. ಮಂಜಿನ ನಾಡಿನ ಪಾಠವನ್ನು ತಲೆಕೆಳಗು ಮಾಡದ ಹೊರತು ಇಲ್ಲಿ ಒಂದು ಒಳ್ಳೆಯ ಕೊಠಡಿಯನ್ನೂ ಕಟ್ಟುವಂತಿರಲಿಲ್ಲ. ಅವರು ಸೂರ್ಯನ ಚಲನೆಯಿಂದಲೇ ಆರಂಭಿಸಿದರು. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ವರ್ಷವೆಲ್ಲ ಅದರ ನೆರಳನ್ನು ಗಮನಿಸಿದರೆ ಯಾರಿಗಾದರೂ ಇದು ತಿಳಿಯುವಂಥದೇ. ಬೆಂಗಳೂರಾಗಲಿ ಹೂಡೆಯಾಗಲಿ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ದಿನಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ; ಉಳಿದ ದಿನಗಳಲ್ಲಿ ಉತ್ತರಕ್ಕೆ. ಹೀಗೆ ಎತ್ತರದಲ್ಲಿ ಸಾಗುವ ಸೂರ್ಯನನ್ನು ಉತ್ತರ ದಕ್ಷಿಣಗಳ ಗೋಡೆಯಿಂದ ದೂರವಿಡಲು ಒಂದೆರಡು ಅಡಿ ಚಾಚಿದ ಸಜ್ಜೆ ಸಾಕು. ಪೂರ್ವ ಪಶ್ಚಿಮಗಳ ಗೋಡೆಗೆ ಆ ಉಪಾಯ ಸಾಲದು. ಬೆಳಗಿನ ಮತ್ತು ಸಂಜೆಯ ಬಿಸಿಲು ಓರೆಯಾಗಿ ಬಂದು ಸಜ್ಜೆಯ ಅಡಿಯಿಂದಲೇ ನುಗ್ಗುತ್ತದೆ. ಆದುದರಿಂದ ಕಟ್ಟಡದ ಉದ್ದನೆಯ ಬದಿಗಳು ಉತ್ತರ ದಕ್ಷಿಣಗಳಿಗೆ ಮುಖಮಾಡಿರಬೇಕು. ಗಿಡ್ಡ ಬದಿಗಳು ಪೂರ್ವ ಪಶ್ಚಿಮಗಳನ್ನು ಎದುರಿಸಬೇಕು. ಒಂದು ಕಾಸಿನ ಖರ್ಚಿಲ್ಲದೆ, ನಕ್ಷೆಯನ್ನು ತಿರುಗಿಸಿದ ಮಾತ್ರಕ್ಕೆ ದೊರೆಯುವ ತಂಪು ಇದು.

ಭಾರತೀಯ ವಿಜ್ಞಾನ ಮಂದಿರದಲ್ಲಿ ವಾಯುಯಾನ ವಿಭಾಗ, ಲೋಹಶಾಸ್ತ್ರ ವಿಭಾಗ, ವಿದ್ಯಾರ್ಥಿಗಳ ಊಟದ ಮನೆ ಇವುಗಳಿಗೆ ಅವರು ನಕ್ಷೆ ಹಾಕಿದರು. ಗೋಡೆಗೆ ನೆರಳು, ಎದುರುಬದುರಿನ ತೆರಪುಗಳಿಂದ ಗಾಳಿಯ ಓಡಾಟ, ಅಗ್ಗದ ಸಾಮಗ್ರಿ ಎಂಬ ಮೂರು ವಿಚಾರಗಳನ್ನು ಅವರು ಬಿಡಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊರಿಗೂ, ಟಾಟಾ ಸಂಸ್ಥೆಯವರ ಕೋರಿಕೆಯಂತೆ ದೂರದ ಜಮ್ಷೆಡ್‌ಪುರಕ್ಕೂ, 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರಕ್ಕೂ ನಗರ ಯೋಜನೆಗಳನ್ನು ಸಿದ್ಧಪಡಿಸಿದರು.

ಅದೇ 1948ರಲ್ಲಿ ಅವರಿಗೆ ದಿಲ್ಲಿಯಿಂದ ಕರೆ ಬಂದಿತು. ದೇಶವಿಭಜನೆಯಿಂದ ಲಕ್ಷಾಂತರ ಕುಟುಂಬಗಳು ಮನೆಮಾರು ಕಳೆದುಕೊಂಡು ಬಂದಿದ್ದವು. ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ಆ ಜನಕ್ಕೆ ಸೂರು ಒದಗಿಸುವ ಹೊಣೆ ಅವರ ಪಾಲಿಗೆ ಬಂದಿತು. ತಾನೂ ಒಮ್ಮೆ ಊರು ಬಿಟ್ಟು ಓಡಿಬಂದವನೇ ಆಗಿದ್ದುದರಿಂದ ಆ ಸಂಕಟ ಅವರಿಗೆ ಅಪರಿಚಿತವಾಗಿರಲಿಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟುತ್ತ ಹೋದರೆ ವರ್ಷಗಳೇ ಬೇಕು. ಆದುದರಿಂದ ಕಾರ್ಖಾನೆಯಲ್ಲಿ ಹಗುರವಾದ ಕಾಂಕ್ರೀಟು ಹಲಗೆಗಳನ್ನು ಎರಕಹೊಯ್ದು, ನಿವೇಶನಕ್ಕೆ ಸಾಗಿಸಿ, ಅಲ್ಲಿ ಜೋಡಿಸಿ ಮನೆ ಮಾಡುವ ಯೋಜನೆಯೊಂದು ದಿಲ್ಲಿಯಲ್ಲಿ ಆರಂಭವಾಯಿತು. ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಕೆಲಸದಲ್ಲಿ ಹಲಗೆಗಳು ಬಿರುಕು ಬಿಟ್ಟವು, ಸಾಗಿಸುವಾಗ ಮುರಿದವು. ಖರ್ಚು ಏರಿತು, ಮನೆಗಳು ಏಳಲಿಲ್ಲ. ಸಂಸತ್ತಿನಲ್ಲಿ ಕಟುವಾದ ಟೀಕೆ ನಡೆಯಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟು ಇಂಗ್ಲೆಂಡಿಗೆ ಹೋದರು. ಹನ್ನೆರಡು ವರ್ಷಗಳ ಸೇವೆ ಹೀಗೆ ಅಪಜಯದಲ್ಲಿ ಕೊನೆಗೊಂಡಿತು. ಅವರ ಜೀವನವನ್ನು ಹೊಗಳಿ ಬರೆಯುವವರು ಈ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ. ಆದರೆ ಮುಂದೆ ಅವರು ಮಾಡಿದ ಕೆಲಸದ ಬೇರು ಇಲ್ಲಿದೆ. ಸಿದ್ಧಪಡಿಸಿದ ಮನೆಯನ್ನು ದೂರದಿಂದ ತಂದು ಜನರಿಗೆ ಕೊಡುವ ಮಾರ್ಗವನ್ನು ಅವರು ಮತ್ತೆ ಹಿಡಿಯಲಿಲ್ಲ.

ಕೆಲವೇ ವರ್ಷಗಳಲ್ಲಿ ಅದರ ಫಲ ಕಂಡಿತು. ವಿಶ್ವಸಂಸ್ಥೆಯ ಪರವಾಗಿ ಸಲಹೆ ನೀಡಲು, ಆಗ ಗೋಲ್ಡ್ ಕೋಸ್ಟ್ ಎಂದು ಕರೆಯುತ್ತಿದ್ದ ಘಾನಾ ದೇಶಕ್ಕೆ ಅವರು ಹೋದರು. ಅಲ್ಲಿಯ ಹಳ್ಳಿಗರು ಮಣ್ಣಿನ ಗೋಡೆಗಳನ್ನು ತಾವೇ ಸೊಗಸಾಗಿ ಕಟ್ಟಬಲ್ಲವರು. ಬಾಳುವಂಥ ಚಾವಣಿಯನ್ನು ಕೊಳ್ಳಲು ಮಾತ್ರ ಅವರಲ್ಲಿ ಹಣವಿರಲಿಲ್ಲ. ಮಳೆ ಬಂದರೆ ಕಟ್ಟಿದ ಗೋಡೆಯೂ ಕರಗುತ್ತಿತ್ತು. ಕೋನಿಗ್ಸ್‌ಬರ್ಗರ್ ಮತ್ತು ಅವರ ಸಂಗಡಿಗರು ಇಡೀ ಮನೆಗೆ ಸಾಲ ಕೊಡುವ ವಿಚಾರವನ್ನು ಬಿಟ್ಟು, ಚಾವಣಿಗೂ ಬಾಗಿಲು ಕಿಟಕಿಗಳಿಗೂ ಮಾತ್ರ ಸಾಲ ಕೊಡುವ ಯೋಜನೆಯನ್ನು ಸೂಚಿಸಿದರು. ಗೋಡೆ ಊರಿನವರದು, ಸೂರಿನ ಸಾಲ ಸರ್ಕಾರದ್ದು. ಚಾವಣಿ ಸಾಲವೆಂಬ ಈ ಕ್ರಮ ವಸತಿಶಾಸ್ತ್ರವನ್ನು ಬಲ್ಲವರಲ್ಲಿ ಪ್ರಸಿದ್ಧವಾಯಿತು.

ಲಂಡನ್ನಿನಲ್ಲಿ ಅವರ ಪಾಲಿಗೆ ಇನ್ನೊಂದು ಕೆಲಸ ಕಾದಿತ್ತು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ನೈಜೀರಿಯದ ವಿದ್ಯಾರ್ಥಿಯೊಬ್ಬ, ತನಗೆ ಕಲಿಸುತ್ತಿರುವ ವಿದ್ಯೆ ತನ್ನ ದೇಶದ ಬಿಸಿಲಿಗೂ ಮಳೆಗೂ ಉಪಯೋಗಕ್ಕೆ ಬಾರದೆಂದು ದೂರಿಕೊಂಡಿದ್ದ. ಆ ದೂರು ವ್ಯರ್ಥವಾಗಲಿಲ್ಲ. 1953ರಲ್ಲಿ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುವಿದ್ಯೆಯನ್ನು ಕುರಿತು ಸಮ್ಮೇಳನ ನಡೆಯಿತು. 1954ರಲ್ಲಿ ಅಲ್ಲಿಯ ಪ್ರಸಿದ್ಧ ವಾಸ್ತುಶಿಲ್ಪ ಶಾಲೆಯೊಂದರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ವಿಭಾಗ ತೆರೆಯಿತು. ಕೆಲವು ಕಾಲದಲ್ಲಿ ಅದರ ನೇತೃತ್ವ ಕೋನಿಗ್ಸ್‌ಬರ್ಗರ್ ಅವರದಾಯಿತು. ಏಷ್ಯ, ಆಫ್ರಿಕ, ದಕ್ಷಿಣ ಅಮೆರಿಕಗಳಿಂದ ಬಂದ ವಿದ್ಯಾರ್ಥಿಗಳಿಗೆ ಅವರು ಮೊದಲು ಹವೆಯನ್ನು ಓದಲು ಕಲಿಸುತ್ತಿದ್ದರು. ನಕ್ಷೆ ಬರೆಯುವುದು ಆಮೇಲೆ. 1971ರಲ್ಲಿ ಈ ವಿಭಾಗ ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜನ್ನು ಸೇರಿತು.

ಉಷ್ಣವಲಯವೆಲ್ಲ ಒಂದೇ ಬಗೆಯದಲ್ಲ ಎಂಬುದು ಅವರ ಪಾಠದ ತಳಹದಿ. ಒಣಸೆಕೆಯ ಬಯಲುಸೀಮೆಯಲ್ಲಿ ಹಗಲು ಬೇಗೆ, ಇರುಳು ತಂಪು. ಅಲ್ಲಿ ದಪ್ಪ ಗೋಡೆಯೂ ಸಣ್ಣ ಕಿಟಕಿಯೂ ಹಿತ. ಹಗಲಿನ ಬಿಸಿ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಇರುಳಾಗಿರುತ್ತದೆ. ಹೂಡೆಯಂಥ ಕಡಲತೀರದಲ್ಲಿ ಹಗಲಿಗೂ ಇರುಳಿಗೂ ಉಷ್ಣತೆಯಲ್ಲಿ ಹೆಚ್ಚು ಅಂತರವಿಲ್ಲ. ಗೋಡೆ ಎಷ್ಟು ದಪ್ಪವಿದ್ದರೂ ಪ್ರಯೋಜನ ಸ್ವಲ್ಪವೇ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಅದು ಆರಬೇಕಾದರೆ ಮೈಮೇಲೆ ಗಾಳಿ ಆಡುತ್ತಿರಬೇಕು. ಇನ್ನು ನೆತ್ತಿಯ ಮೇಲಿನ ಸೂರ್ಯನಿಗೆ ಮೊದಲು ಸಿಗುವುದು ಚಾವಣಿ. ಚಾವಣಿ ಕಾದರೆ ಅದರ ಕೆಳಮೈ ಒಲೆಯಂತೆ ಶಾಖವನ್ನು ಕೆಳಗೆ ಸೂಸುತ್ತದೆ. 1965ರಲ್ಲಿ ರಾಬರ್ಟ್ ಲಿನ್ ಅವರೊಡನೆ ಸೇರಿ ಅವರು ತೇವಭರಿತ ಸೆಕೆನಾಡುಗಳ ಚಾವಣಿಗಳನ್ನು ಕುರಿತೇ ಒಂದು ಪುಸ್ತಕವನ್ನು ಹೊರತಂದರು. ಹೊರಮೈ ಬಿಸಿಲನ್ನು ಹಿಂದಕ್ಕೆ ಕಳಿಸುವಂತಿರಬೇಕು, ಅದರ ಅಡಿಯಲ್ಲಿ ಇನ್ನೊಂದು ಹೊದಿಕೆ ಇರಬೇಕು, ನಡುವಿನ ಬಿಸಿಗಾಳಿಗೆ ಹೊರಹೋಗಲು ದಾರಿ ಇರಬೇಕು. ಹಂಚಿನ ಸಂದುಗಳೂ ಮರದ ಅಟ್ಟವೂ ಹೂಡೆಯ ಮನೆಯಲ್ಲಿ ಮಾಡುತ್ತಿದ್ದ ಕೆಲಸ ಬಹುಮಟ್ಟಿಗೆ ಇದೇ. ಅಟ್ಟವಿಲ್ಲದ ಸಮತಟ್ಟಾದ ಕಾಂಕ್ರೀಟು ತಾರಸಿಯಾದರೋ ಹಗಲೆಲ್ಲ ಬಿಸಿಲನ್ನು ಕುಡಿದು, ಮನೆಮಂದಿ ಮಲಗುವ ಹೊತ್ತಿಗೆ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಆಮೇಲೆ ಅದನ್ನು ಓಡಿಸಲು ವಿದ್ಯುತ್ತು ಬೇಕಾಗುತ್ತದೆ.

ಎಲ್ಲ ಕಡೆಯೂ ಶಾಸ್ತ್ರ ಇಷ್ಟು ಸರಳವಲ್ಲ. ಕಡಲತೀರದಲ್ಲಿ ಸಂಜೆಯ ಸುಡುಬಿಸಿಲು ಬರುವುದು ಪಡುವಣದಿಂದ. ಹಿತವಾದ ಗಾಳಿ ಬೀಸುವುದೂ ಪಡುವಣದಿಂದಲೇ. ಮಳೆಗಾಲದ ಎರಚಲೂ ಅತ್ತಲಿಂದಲೇ. ಗೋಡೆಯನ್ನು ತೆರೆದರೆ ಬಿಸಿಲೂ ಮಳೆಯೂ ನುಗ್ಗುತ್ತವೆ, ಮುಚ್ಚಿದರೆ ಗಾಳಿ ನಿಲ್ಲುತ್ತದೆ. ತಗ್ಗಿ ಬಂದ ಮಾಡು, ಅಗಲವಾದ ಜಗಲಿ ಇವು ಆ ಜಗಳವನ್ನು ಬಗೆಹರಿಸುವ ಉಪಾಯಗಳು. ಆದರೂ ಒಳಮನೆಯಲ್ಲಿ ಬೆಳಕು ಕಡಿಮೆಯಾಗುವುದು ತಪ್ಪದು. ಹಳೆಯ ಮನೆಗಳ ಆ ಕತ್ತಲೆಯನ್ನು ಮರೆತು ಹೊಗಳುವುದು ನ್ಯಾಯವಲ್ಲ.

ಇಂಥ ಪರಸ್ಪರ ವಿರೋಧದ ಬೇಡಿಕೆಗಳನ್ನು ತೂಗಿ ನೋಡುವುದಕ್ಕೆಂದೇ ಕೋನಿಗ್ಸ್‌ಬರ್ಗರ್ ತಮ್ಮ ಸಹೋದ್ಯೋಗಿಗಳಾದ ಕಾರ್ಲ್ ಮಹೋನಿ ಮೊದಲಾದವರೊಡನೆ ಕೆಲವು ಕೋಷ್ಟಕಗಳನ್ನು ರೂಪಿಸಿದರು. 1971ರಲ್ಲಿ ವಿಶ್ವಸಂಸ್ಥೆ ಅವುಗಳನ್ನು ಪ್ರಕಟಿಸಿತು. ಒಂದು ಊರಿನ ಹನ್ನೆರಡು ತಿಂಗಳ ಗರಿಷ್ಠ ಹಾಗೂ ಕನಿಷ್ಠ ಉಷ್ಣತೆ, ಗಾಳಿಯ ತೇವ, ಮಳೆ, ಗಾಳಿ ಬೀಸುವ ದಿಕ್ಕು ಇಷ್ಟನ್ನು ಬರೆದುಕೊಂಡು ಮನೆಗಳ ನಡುವಿನ ಅಂತರವೆಷ್ಟು, ಕಿಟಕಿ ಎಷ್ಟು ದೊಡ್ಡದು, ಗೋಡೆ ಹಗುರವೋ ಭಾರವೋ, ಚಾವಣಿ ಎಂಥದು ಎಂಬುದನ್ನು ಯಾವ ಯಂತ್ರದ ಸಹಾಯವೂ ಇಲ್ಲದೆ ನಿರ್ಧರಿಸಬಹುದು. ಹವಾಮಾನ ಕಚೇರಿಯ ಲೆಕ್ಕಪತ್ರವಿದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಅದನ್ನು ತುಂಬಿ ನೋಡಬಹುದು. ಇವೆಲ್ಲವನ್ನೂ ಒಳಗೊಂಡ ಅವರ ದೊಡ್ಡ ಕೈಪಿಡಿ ಮೂವರು ಸಹಲೇಖಕರೊಡನೆ 1974ರಲ್ಲಿ ಬೆಳಕು ಕಂಡಿತು. ಆ ಹೊತ್ತಿಗೆ ಪೆಟ್ರೋಲಿಯಂ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟು ಏರಿತ್ತು. ಯಂತ್ರದಿಂದ ಮನೆಯನ್ನು ತಂಪುಮಾಡಿಕೊಳ್ಳುತ್ತಿದ್ದ ಶ್ರೀಮಂತ ದೇಶಗಳೂ ಆಗ ಇಂಧನದ ಉಳಿತಾಯವನ್ನು ಕುರಿತು ಚಿಂತಿಸತೊಡಗಿದವು. ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಆ ಕೈಪಿಡಿ ಅನೇಕ ತಲೆಮಾರುಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು.

ಕೋನಿಗ್ಸ್‌ಬರ್ಗರ್ 1999ರ ಜನವರಿ 3ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತು ವರ್ಷ. ಬರ್ಲಿನ್ನಿನ ವಿದ್ಯಾಲಯದಲ್ಲಿ ಕೊಟ್ಟಿಗೆಯಷ್ಟೂ ಬೆಲೆಯಿಲ್ಲದಿದ್ದ ಜಗಲಿ, ಅಟ್ಟ, ಸಜ್ಜೆಗಳು ಅವರ ಕೈಪಿಡಿಯಲ್ಲಿ ಚಿತ್ರ ಮತ್ತು ಲೆಕ್ಕಗಳೊಡನೆ ಸ್ಥಾನ ಪಡೆದಿದ್ದವು.